ಔಷಧದ ಕಿಟಕಿಯ ಮುಂದೆ ಬಾಯಿ ಏಕೆ ಕಟ್ಟಬೇಕು?

ಸಂತೆಯಲ್ಲಿ ತುದಿ ಮುರಿದು ನೋಡದೆ ಕಾಲು ಕಿಲೋ ಬೆಂಡೆಕಾಯಿಯನ್ನೂ ಕೊಳ್ಳದವರು ನಾವು. ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ ಬೆಳಕಿಗೆ ಹಿಡಿದು, ಬಣ್ಣ ಹೋಗುತ್ತದೆಯೇ ಎಂದು ನಾಲ್ಕು ಸಲ ಕೇಳುವವರು. ಅದೇ ನಮಗೆ ಆಸ್ಪತ್ರೆಯ ಔಷಧದ ಕಿಟಕಿಯ ಮುಂದೆ ನಿಂತ ಕೂಡಲೇ ಬಾಯಿ ಕಟ್ಟಿಹೋಗುತ್ತದೆ. ಒಳಗಿನಿಂದ ಚಾಚಿದ ಕೈ ಕೊಟ್ಟದ್ದನ್ನು ತೆಗೆದುಕೊಂಡು, ಕೇಳಿದಷ್ಟು ದುಡ್ಡು ತೆತ್ತು, ಪಕ್ಕಕ್ಕೆ ಸರಿದುಬಿಡುತ್ತೇವೆ.

ನಮ್ಮೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅತ್ತೆಯವರನ್ನು ಸಕ್ಕರೆ ಕಾಯಿಲೆಗೆ ತೋರಿಸಿದಾಗ ಔಷಧದ ಚೀಟಿ ನನ್ನ ಕೈಗೆ ಬರಲೇ ಇಲ್ಲ. ಅದು ನೇರವಾಗಿ ಒಳಗಿನ ಮೆಡಿಕಲ್ ಸ್ಟೋರಿಗೆ ಹೋಯಿತು. "ಚೀಟಿ ಕೊಡಿ, ಹೊರಗೆ ಕೊಳ್ಳುತ್ತೇನೆ" ಎಂದರೆ, "ಡಾಕ್ಟರು ಬರೆದ ಕಂಪನಿ ಹೊರಗೆ ಸಿಗೋದಿಲ್ಲಮ್ಮಾ" ಎಂಬ ಉತ್ತರ. ಮೂರು ಅಂಗಡಿ ಸುತ್ತಿದೆ, ನಿಜವಾಗಿಯೂ ಸಿಗಲಿಲ್ಲ. ಊರಲ್ಲೆಲ್ಲೂ ಸಿಗದ ಹೆಸರನ್ನೇ ಹುಡುಕಿ ಬರೆಯುವುದು ಯಾವ ವೈದ್ಯಶಾಸ್ತ್ರ? ಮೆಟ್‌ಫಾರ್ಮಿನ್ ಎಂದು ಮೂಲ ಹೆಸರು ಬರೆದಿದ್ದರೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುತ್ತಿತ್ತು. ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ಹೇಳಿತ್ತು.

ಇಲ್ಲೊಂದು ಗಂಟು ಇದೆ. ಎಚ್ ಅನುಸೂಚಿಯ ಔಷಧಗಳಿಗೆ ವೈದ್ಯರು ಬರೆದ ಮಾಲಿನ ಬದಲು ಅಂಗಡಿಯವನು ಬೇರೆಯದನ್ನು, ಅದರೊಳಗಿನ ಮದ್ದು ಅದೇ ಆಗಿದ್ದರೂ, ಕೊಡಬಾರದು. ಇದು 1945ರ ಔಷಧ ನಿಯಮ. ನಮ್ಮ ರಕ್ಷಣೆಗೆಂದು ಮಾಡಿದ ಈ ನಿಯಮವೇ, ಕಂಪನಿಯ ಹೆಸರು ಬರೆದ ಚೀಟಿಯೊಡನೆ ಸೇರಿದಾಗ, ನಮ್ಮನ್ನು ಒಂದೇ ಕಿಟಕಿಗೆ ಕಟ್ಟಿಹಾಕುವ ಹಗ್ಗವಾಗುತ್ತದೆ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಔಷಧವನ್ನು ಎಲ್ಲಿ ಕೊಳ್ಳಬೇಕೆಂಬ ಆಯ್ಕೆ ರೋಗಿಯದೇ ಎಂದಿದೆ. ಆಸ್ಪತ್ರೆಗಳ ಈ ಬಲವಂತದ ವಿರುದ್ಧದ ಅರ್ಜಿ ಸುಪ್ರೀಂ ಕೋರ್ಟಿಗೂ ಹೋಯಿತು. ಯಾರಿಗೂ ಬಲವಂತವಿಲ್ಲ ಎಂದಿತು ಕೇಂದ್ರ ಸರಕಾರ. ಬಲವಂತವಿಲ್ಲವಂತೆ! ಚೀಟಿಯನ್ನೇ ಕೈಗೆ ಕೊಡದಿರುವುದಕ್ಕೆ ಬೇರೆ ಹೆಸರಿದೆಯೇ? 2025ರ ಮಾರ್ಚ್ 4ರಂದು ನ್ಯಾಯಾಲಯ, ತಕ್ಕ ನೀತಿಯನ್ನು ರಾಜ್ಯ ಸರಕಾರಗಳೇ ಮಾಡಲಿ ಎಂದು ಅರ್ಜಿಯನ್ನು ಮುಗಿಸಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು.

ಇನ್ನು ಕಿಟಕಿಯ ಒಳಗೆ ಯಾರಿದ್ದಾರೆ? ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕೆನ್ನುತ್ತದೆ 1948ರ ಫಾರ್ಮಸಿ ಕಾಯಿದೆ. ಹೇಗೆ ನುಂಗಬೇಕು, ಎಲ್ಲಿ ಇಡಬೇಕು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂದು ಅವರು ರೋಗಿಗೆ ತಿಳಿಸಿ ಹೇಳಬೇಕೆನ್ನುತ್ತವೆ 2015ರ ನಿಯಮಗಳು. ನಮಗೆ ಸಿಗುವುದು ಬಿಳಿ ಕಾಗದದ ಪೊಟ್ಟಣದ ಮೇಲೆ ಗೀಚಿದ 1-0-1 ಮಾತ್ರ. ಕತ್ತರಿಸಿದ ಪಟ್ಟಿಯಲ್ಲಿ ಮಾತ್ರೆ ನಮ್ಮ ಪಾಲಿಗೆ, ಅವಧಿ ಮುಗಿಯುವ ತಾರೀಖು ಅಂಗಡಿಯ ಪಾಲಿಗೆ! ಸರಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ ನಿಜ, ಆದರೆ ಪುಕ್ಕಟೆ ಕೊಟ್ಟವರನ್ನು ಪ್ರಶ್ನೆ ಕೇಳಬಾರದೆಂದು ಯಾವ ಕಾಯಿದೆಯಲ್ಲೂ ಬರೆದಿಲ್ಲ.

ಜನಸಂದಣಿಯಲ್ಲಿ ಇದೆಲ್ಲ ಆಗುವ ಮಾತೇ ಎಂದು ಆಸ್ಪತ್ರೆಯವರು ಕೇಳುತ್ತಾರೆ. ಬಿಲ್ಲಿನ ಲೆಕ್ಕ ಕೂಡಲು ಸಮಯವಿದ್ದವರಿಗೆ ಎರಡು ಮಾತಾಡಲು ಸಮಯವಿಲ್ಲವೇ? ಹೊರಗಿನ ಔಷಧ ನಂಬುವಂತಿಲ್ಲ ಎಂದೂ ಹೆದರಿಸುತ್ತಾರೆ. ಹೊರಗಿನ ಅಂಗಡಿಗೂ ಅದೇ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಇರುತ್ತದಲ್ಲ!

ನಮ್ಮ ರಾಜ್ಯ ಸರಕಾರ ಮಾಡಬೇಕಾದದ್ದು ಬಹಳವೇನಿಲ್ಲ. ಚೀಟಿ ಮೊದಲು ರೋಗಿಯ ಕೈಗೆ ಬರಬೇಕು. "ಇಲ್ಲೇ ಕೊಳ್ಳಬೇಕೆಂದಿಲ್ಲ" ಎಂಬ ಕನ್ನಡ ಫಲಕ ಕಿಟಕಿಯ ಮೇಲೆ ಕಾಣಬೇಕು. ಪೊಟ್ಟಣದ ಮೇಲೆ ಔಷಧದ ಹೆಸರು, ಹೊತ್ತು, ಊಟಕ್ಕೆ ಮುಂಚೆಯೋ ನಂತರವೋ ಎಂಬುದು ಕನ್ನಡದಲ್ಲಿರಬೇಕು. ಅವಧಿಯ ತಾರೀಖನ್ನೂ ಬರೆಯಬೇಕು, ಬಿಲ್ಲು ಕೊಡಬೇಕು.

ಇದು ಹೆಂಗಸರ ಮಾತೇ. ಮಗುವಿಗೆ ಎಷ್ಟು ಚಮಚ, ಮಾವನವರಿಗೆ ಯಾವ ಗುಳಿಗೆ ಎಂದು ನೆನಪಿಟ್ಟು ಕೊಡುವವರು ಬಹುತೇಕ ಮನೆಗಳಲ್ಲಿ ನಾವೇ. ಹೆಚ್ಚುಕಡಿಮೆಯಾದರೆ ಮೊದಲು ಬೈಸಿಕೊಳ್ಳುವವರೂ ನಾವೇ. ಹಾಗಿದ್ದ ಮೇಲೆ ಹಿಂದೆ ನಿಂತವರು ಗೊಣಗಿದರೂ ಗೊಣಗಲಿ, "ಇದು ಏನು, ಯಾತಕ್ಕೆ, ಎಷ್ಟು ದಿನ?" ಎಂದು ಕೇಳದೆ ಕಿಟಕಿ ಬಿಟ್ಟು ಕದಲಬೇಡಿ.