ಯಾವ ಸೂಜಿ, ಯಾತಕ್ಕೆ ಎಂದು ಕೇಳಿ

ನಮ್ಮ ನಾಯಿಮರಿ ಸತ್ತಾಗ ಅದಕ್ಕೆ ನಾಲ್ಕೂವರೆ ತಿಂಗಳು. ಎರಡು ಚುಚ್ಚುಮದ್ದು ಹಾಕಿಸಿದ್ದೆ. ಮೂರನೆಯದಕ್ಕೆ ಬನ್ನಿ ಎಂದು ಡಾಕ್ಟರು ಕಾರ್ಡಿನಲ್ಲಿ ಬರೆದುಕೊಟ್ಟಿದ್ದ ದಿನ ನಮ್ಮ ತೋಟದಲ್ಲಿ ಅಡಿಕೆ ಕೊಯ್ಲು. ಎರಡು ಆಗಿದೆಯಲ್ಲ, ಮುಂದಿನ ವಾರ ನೋಡೋಣ ಎಂದುಕೊಂಡೆ. ಹಾಗೆ ಮೂರು ವಾರ ಕಳೆಯಿತು. ಒಂದು ಸಂಜೆ ಮರಿ ಅನ್ನ ಬಿಟ್ಟಿತು. ರಾತ್ರಿ ವಾಂತಿ, ಬೆಳಿಗ್ಗೆ ರಕ್ತಭೇದಿ. ನಾಲ್ಕನೆಯ ದಿನ ಬೆಳಗಿನ ಜಾವ ನನ್ನ ಕಾಲ ಬುಡದಲ್ಲೇ ಉಸಿರು ನಿಲ್ಲಿಸಿತು. ಪಾರ್ವೊ.

ಎರಡು ಸೂಜಿ ಬಿದ್ದ ಮರಿಗೆ ಪಾರ್ವೊ ಯಾಕೆ ಬಂತು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ತಾಯಿಯ ಗಿಣ್ಣುಹಾಲಿನಲ್ಲಿ ಬಂದ ರಕ್ಷಣೆ ಮರಿಯನ್ನು ಮೊದಲ ಕೆಲವು ವಾರ ಕಾಯುತ್ತದೆ. ಆದರೆ ಅದೇ ರಕ್ಷಣೆ, ನಾವು ಹಾಕಿಸಿದ ಲಸಿಕೆಯನ್ನೂ ರೋಗವೆಂದೇ ತಿಳಿದು ಅಳಿಸಿಹಾಕುತ್ತದೆ. ಒಂದು ಮರಿಯಲ್ಲಿ ಅದು ಎಂಟು ವಾರಕ್ಕೆ ಇಳಿಯಬಹುದು, ಇನ್ನೊಂದರಲ್ಲಿ ಹದಿನಾಲ್ಕು ವಾರವಾದರೂ ಉಳಿದಿರಬಹುದು. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಅದಕ್ಕೇ ಎರಡರಿಂದ ನಾಲ್ಕು ವಾರಕ್ಕೊಂದರಂತೆ ಹಾಕುತ್ತಾ ಹೋಗಿ, ಕೊನೆಯದನ್ನು 16 ವಾರ ತುಂಬಿದ ಮೇಲೆ ಹಾಕಬೇಕು. ನಾನು ಬಿಟ್ಟದ್ದು ಆ ಕೊನೆಯದನ್ನು. ಎಣಿಕೆಯಲ್ಲಿ ಮೂರರಲ್ಲೊಂದು, ಆ ಮರಿಯ ಮಟ್ಟಿಗೆ ಅದೊಂದೇ ನಿಜವಾದ ಲಸಿಕೆಯಾಗಿತ್ತೋ ಏನೋ.

ಮುಂದೆ ಬಂದ ನಾಯಿಗೆ ಈ ಪಾಪಪ್ರಜ್ಞೆಯಿಂದಲೇ ವರ್ಷವರ್ಷವೂ ಎಲ್ಲವನ್ನೂ ಹಾಕಿಸಿದೆ. ನೈನ್ ಇನ್ ಒನ್ ಅಂದರೆ ಅದು, ಕೆಮ್ಮಿನದು ಅಂದರೆ ಅದೂ. ಒಂದನ್ನೂ ಕೇಳಲಿಲ್ಲ. ಕೇಳಿದರೆ ಮತ್ತೊಂದು ಜೀವ ಕಳೆದುಕೊಳ್ಳುತ್ತೇನೆ ಎಂಬ ಭಯ. ಆರನೆಯ ವರ್ಷ ಸೂಜಿ ಬಿದ್ದು ಹತ್ತು ನಿಮಿಷಕ್ಕೆ ಅದರ ಮುಖ ಊದಿಕೊಂಡಿತು. ಡಾಕ್ಟರು ಕೂಡಲೇ ಮದ್ದು ಕೊಟ್ಟರು, ಉಳಿಯಿತು. ಅವತ್ತು ಮೊದಲ ಬಾರಿಗೆ ಕೇಳಿದೆ: "ಸಾರ್, ಇಷ್ಟರಲ್ಲಿ ಈ ವರ್ಷ ಇದಕ್ಕೆ ನಿಜವಾಗಿ ಬೇಕಾದದ್ದು ಯಾವುದು?" ಅವರು ಖಾಲಿ ಸೀಸೆಯನ್ನು ನನ್ನ ಕೈಗೆ ಕೊಟ್ಟು, ಮೇಲಿನ ಚೀಟಿಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿಸಿದರು. ಅರ್ಧ ಗಂಟೆ ಕೂರಿಸಿಕೊಂಡು ವಿವರಿಸಿದರು. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದು ಅವರೇ ನನ್ನನ್ನು ಕೇಳಿದರು.

ನಾಯಿ ಸಾಕಿದವರೇ, ಆ ಅರ್ಧ ಗಂಟೆಯನ್ನು ನೀವೂ ಕೇಳಿ ಪಡೆಯಿರಿ. ಡಿಸ್ಟೆಂಪರ್, ಪಾರ್ವೊ, ಅಡೆನೊವೈರಸ್ಸಿನ ಕಾಮಾಲೆ, ಈ ಮೂರರ ಲಸಿಕೆಯೂ ಪ್ರತಿ ನಾಯಿಗೂ ಬೇಕು. ಇದರಲ್ಲಿ ಚೌಕಾಸಿ ಇಲ್ಲ. ಆದರೆ ಮರಿಯ ಸರಣಿ ಸರಿಯಾಗಿ ಮುಗಿದು, ಆರು ತಿಂಗಳಿಂದ ಒಂದು ವರ್ಷದೊಳಗೆ ಒಂದು ಬೂಸ್ಟರ್ ಬಿದ್ದ ಮೇಲೆ, ಇವನ್ನು ಮೂರು ವರ್ಷಕ್ಕಿಂತ ಬೇಗ ಹಾಕುವ ಅಗತ್ಯವಿಲ್ಲ. ಇದು ಡಬ್ಲ್ಯುಎಸ್‌ಎವಿಎ ಎಂಬ ಸಾಕುಪ್ರಾಣಿ ವೈದ್ಯರ ವಿಶ್ವ ಸಂಘಟನೆಯೇ ಹೇಳುತ್ತಾ ಬಂದಿರುವ ಮಾತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರೊನಾಲ್ಡ್ ಷುಲ್ಟ್ಜ್ ದಶಕಗಳ ಕಾಲ ನಾಯಿಗಳನ್ನು ಪರೀಕ್ಷಿಸಿ, ಈ ರಕ್ಷಣೆ ಏಳು ವರ್ಷ ಮತ್ತು ಅದಕ್ಕೂ ಮೀರಿ ನಿಲ್ಲುತ್ತದೆ ಎಂದು ತೋರಿಸಿದರು. ಅನುಮಾನವಿದ್ದರೆ ರಕ್ತ ತೆಗೆದು, ರಕ್ಷಣೆ ಉಳಿದಿದೆಯೇ ಎಂದು ತಿಳಿಸುವ ಟೈಟರ್ ಪರೀಕ್ಷೆ ಮಾಡಿಸಬಹುದು.

ಇಲಿಜ್ವರದ ಲೆಕ್ಕವೇ ಬೇರೆ. ಅದರ ಲಸಿಕೆಯ ಬಲ ಸುಮಾರು ಒಂದು ವರ್ಷ ಮಾತ್ರ. ಬಯಲುಸೀಮೆಯ ನಗರದಲ್ಲಿ ನಾಲ್ಕನೆಯ ಮಹಡಿಯಿಂದ ಇಳಿಯದ ನಾಯಿಗೂ, ನಮ್ಮ ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಗದ್ದೆಯ ಕೆಸರು ತುಳಿದು ಕೊಟ್ಟಿಗೆಯ ಇಲಿ ಹಿಡಿಯುವ ನಾಯಿಗೂ ಅಪಾಯ ಒಂದೇ ಅಲ್ಲ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಈ ರೋಗ ನಾಯಿಯಿಂದ ಮನೆಯವರಿಗೂ ದಾಟುತ್ತದೆ. ಉಡುಪಿ, ದಕ್ಷಿಣ ಕನ್ನಡದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಇಂಥ ಕಡೆ ಮಳೆ ಹಿಡಿಯುವ ಮುಂಚೆಯೇ ಪ್ರತಿ ವರ್ಷ ಹಾಕಿಸಿ. ಕೆನಲ್ ಕೆಮ್ಮಿನದು ಬೋರ್ಡಿಂಗಿಗೋ ಪ್ರದರ್ಶನಕ್ಕೋ ಹೋಗಿ ಹತ್ತು ನಾಯಿಗಳೊಡನೆ ಬೆರೆಯುವವಕ್ಕೆ. ಇನ್ನು ನಾಯಿಯ ಕರೋನಾ ಲಸಿಕೆ: ಇದಕ್ಕೂ ಕೋವಿಡ್‌ಗೂ ಸಂಬಂಧವಿಲ್ಲ. ಇದನ್ನು ಹಾಕಬೇಕೆಂದು ಡಬ್ಲ್ಯುಎಸ್‌ಎವಿಎ ಶಿಫಾರಸು ಮಾಡುವುದೇ ಇಲ್ಲ. ಆದರೂ ಕೆಲವು ಸೀಸೆಗಳಲ್ಲಿ ಅದು ಉಳಿದವುಗಳ ಜೊತೆ ಸೇರಿ ಬರುತ್ತದೆ. ಚೀಟಿ ಓದಿ ಎನ್ನುವುದು ಇದಕ್ಕೇ.

ವರ್ಷಕ್ಕೊಮ್ಮೆ ಡಾಕ್ಟರ ಬಳಿ ಹೋಗುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಖಂಡಿತ ಹೋಗಿ. ಹಲ್ಲು, ಎದೆಬಡಿತ, ತೂಕ, ಚರ್ಮ ಎಲ್ಲ ತೋರಿಸಿ. ಸೂಜಿ ಇರಲಿ ಇಲ್ಲದಿರಲಿ, ನೋಡಿದ್ದಕ್ಕೆ ಅವರ ಫೀಸು ಕೊಡಿ. ಅವರ ವಿದ್ಯೆಗೆ ಬೆಲೆ ಕೊಡದೆ ಸೂಜಿಗೆ ಮಾತ್ರ ದುಡ್ಡು ಬಿಚ್ಚುವವರು ನಾವು. ಮೆಡಿಕಲ್ ಶಾಪಿನಿಂದ ಸೀಸೆ ತಂದು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಬೇಡಿ. 2ರಿಂದ 8 ಡಿಗ್ರಿಯ ತಂಪಿನಲ್ಲಿ ಇರದ ಲಸಿಕೆಯನ್ನು ನಂಬುವಂತಿಲ್ಲ.

ಈಗ, ಹೇಳಲೇಬೇಕಾದ ಮಾತು. ಸೂಜಿ ಕಡಿಮೆ ಮಾಡುವ ಬಗ್ಗೆ ಮೇಲೆ ಬರೆದದ್ದರಲ್ಲಿ ಒಂದಕ್ಷರವೂ ರೇಬಿಸ್‌ಗೆ ಅನ್ವಯಿಸುವುದಿಲ್ಲ. ಮೂರು ತಿಂಗಳಿಗೆ ಮೊದಲನೆಯದು, ಒಂದು ವರ್ಷಕ್ಕೆ ಬೂಸ್ಟರ್, ಆಮೇಲೆ ನಮ್ಮಲ್ಲಿ ರೂಢಿಯಿರುವಂತೆ ವರ್ಷಕ್ಕೊಮ್ಮೆ. ಒಂದು ತಾರೀಖೂ ತಪ್ಪಬಾರದು. ಲೋಕದಲ್ಲಿ ರೇಬಿಸ್‌ನಿಂದ ಸಾಯುವವರಲ್ಲಿ ಶೇಕಡಾ 36ರಷ್ಟು ಮಂದಿ ಭಾರತದವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಮದ್ದು ಇಂದಿಗೂ ಇಲ್ಲ. ಪ್ಯಾಸ್ಟರ್ 1885ರಲ್ಲೇ ದಾರಿ ತೋರಿಸಿದ ರೋಗಕ್ಕೆ ನಮ್ಮ ಮಕ್ಕಳು ಇನ್ನೂ ಬಲಿಯಾಗುತ್ತಿದ್ದಾರೆ. ನೀರು ಕಂಡರೆ ಹೆದರಿ, ಗಂಟಲು ಕಟ್ಟಿ, ನರಳಿ ಸಾಯುತ್ತಾರೆ. ಇದನ್ನು ಹೇಗೆ ಸಹಿಸಿಕೊಂಡು ಕೂತಿದ್ದೇವೆ?

ಊರಿನ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ಈ ರೋಗದ ಸರಪಳಿ ಕಡಿಯುತ್ತದೆ. ನಮ್ಮ ಬೀದಿಗಳಲ್ಲಿ ಏನು ನಡೆಯುತ್ತಿದೆ ನೋಡಿ. ಗೇಟಿನ ಒಳಗಿರುವ ನಾಯಿಗೆ ಬೇಡದ್ದೂ ಸೇರಿ ವರ್ಷಕ್ಕೆ ಹತ್ತು ರೋಗದ ಲಸಿಕೆ. ಗೇಟಿನ ಹೊರಗೆ ನಾವೇ ಅನ್ನ ಹಾಕುವ ನಾಯಿಗೆ ಹುಟ್ಟಿದಾಗಿನಿಂದ ಒಂದೂ ಇಲ್ಲ. ಇದು ಅನ್ಯಾಯ. ಬೇಡದ ಬೂಸ್ಟರಿನಿಂದ ಉಳಿದ ಹಣದಲ್ಲಿ ಬೀದಿಯ ಕೆಲವು ನಾಯಿಗಳಿಗಾದರೂ ರೇಬಿಸ್ ಲಸಿಕೆ ಹಾಕಿಸಬಹುದು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಅದರ ಆಸುಪಾಸಿನಲ್ಲಿ ಎಷ್ಟೋ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿಯೇ ಹಾಕುತ್ತಾರೆ. ನಿಮ್ಮ ನಾಯಿಯ ಜೊತೆ ಇನ್ನೊಂದನ್ನು ಕರೆದೊಯ್ಯಿರಿ. ಯಾರದೂ ಅಲ್ಲದ ನಾಯಿಯಾದರೆ ನಿಮ್ಮ ಹೆಸರನ್ನೇ ಬರೆಸಿ.

ಪಕ್ಕದ ತೋಟದ ಕಾವಲಿಗೆ ಕರಿಯ ಎಂಬ ನಾಯಿ ಇದೆ, ವಯಸ್ಸು ಎಂಟರ ಮೇಲೆ. ಅದಕ್ಕೆ ಕಾರ್ಡು ಎಂಬುದೇ ಇರಲಿಲ್ಲ. ಹೋದ ಕಾರ್ತಿಕದಲ್ಲಿ ಅದರ ಯಜಮಾನರನ್ನು ಒಪ್ಪಿಸಿ ನನ್ನ ನಾಯಿಯ ಜೊತೆ ಜೀಪಿಗೆ ಹತ್ತಿಸಿದೆ. ಈಗ ಎರಡು ಕಾರ್ಡುಗಳೂ ನಮ್ಮ ಮನೆಯ ಕ್ಯಾಲೆಂಡರಿನ ಮೊಳೆಗೇ ನೇತಾಡುತ್ತಿವೆ. ಬರುವ ವರ್ಷದ ತಾರೀಖು ಮತ್ತೆ ಕೊಯ್ಲಿನ ದಿನಗಳಲ್ಲೇ ಬಿದ್ದಿದೆ. ಆ ದಿನ ಕೊಯ್ಲಿಲ್ಲ ಎಂದು ಆಳುಗಳಿಗೆ ಈಗಲೇ ಹೇಳಿದ್ದೇನೆ.