ವಾರದ ದಿನಚರಿ: ಎರಡು ಸೇರು ಕಡಲೆಕಾಯಿ

2024ರ ಕಾರ್ತಿಕದ ಕಡೆಯ ಸೋಮವಾರ. ಬಸವನಗುಡಿಯ ಪರಿಷೆಗೆ ಹೋದ ನಿವೃತ್ತ ಮೇಷ್ಟರು ವಾಡಿಕೆಯಂತೆ ಎರಡು ಸೇರು ಕಡಲೆಕಾಯಿ ಕೊಂಡರು. ಒಂದು ಹುರಿಯಲು, ಒಂದು ಬೇಯಿಸಲು. ಬೇಯಿಸುತ್ತಿದ್ದಾಕೆ ಈ ವರ್ಷ ಇಲ್ಲವೆಂಬುದು ಮನೆ ತಲುಪಿದ ಮೇಲೆ ನೆನಪಾಯಿತು.

ಎರಡು ದಿನ ಅವರು ಹೊಸ್ತಿಲು ದಾಟಲಿಲ್ಲ, ಚೀಲವನ್ನೂ ಬಿಚ್ಚಲಿಲ್ಲ. ಗುರುವಾರ ಬ್ಯಾಂಕಿಗೆ ಹೋಗಲೇಬೇಕಾಯಿತು. ಪಿಂಚಣಿ ಪಡೆಯುವವರು ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಷ್ಟೆ! ಮೇಷ್ಟರು ಬೆರಳಿಟ್ಟರು, ಯಂತ್ರ ಒಪ್ಪಿತು.

ಶನಿವಾರ ಮೊಮ್ಮಗಳು ಬಂದು ಚೀಲ ಬಿಚ್ಚಿದಳು.

“ತಾತ, ಅಜ್ಜಿ ಎಷ್ಟು ಉಪ್ಪು ಹಾಕುತ್ತಿದ್ದರು?”

ಅದು ಅವರಿಗೂ ತಿಳಿಯದು. ಅಂದಾಜಿನಲ್ಲಿ ಬೇಯಿಸಿದರು.

ಭಾನುವಾರ ಲಾಲ್‌ಬಾಗಿನಲ್ಲಿ, 300 ಕೋಟಿ ವರ್ಷಗಳ ಬಂಡೆಯ ಮೇಲೆ ಕುಳಿತು ಇಬ್ಬರೂ ತಿಂದರು. ಉಪ್ಪು ಹೆಚ್ಚಾಗಿತ್ತು, ಪೊಟ್ಟಣ ಮಾತ್ರ ಬರಿದಾಯಿತು.

“ಬರುವ ವರ್ಷವೂ ಎರಡು ಸೇರೇ ಇರಲಿ” ಎಂದರು ಮೇಷ್ಟರು.