ಹಸಿರು ಪಾಠ ಗೋದಾಮಿನಲ್ಲಿ ನಡೆಯಲಿ

ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಮದುವೆ ಮನೆಯವರು ಉಡುಗೊರೆಗೆಂದು ಡಜನ್‌ಗಟ್ಟಲೆ ಸೀರೆ ಖರೀದಿಸಿದರೆ, ಆ ಕಟ್ಟಿನಲ್ಲಿ ಸೂರತ್‌ನ ಮಾಲು ಇದ್ದೇ ಇರುತ್ತದೆ. ಅದು ನಮ್ಮೂರು ತಲುಪುವಷ್ಟರಲ್ಲಿ ಎಷ್ಟು ನೀರು ಕುಡಿದಿದೆ, ಎಷ್ಟು ಡೀಸೆಲ್ ಸುಟ್ಟಿದೆ? ಸಪ್ಲೈ ಚೈನ್ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ. ಆದರೆ ಪರೀಕ್ಷೆಯಲ್ಲಿ ಬರುವುದು ‘ಸುಸ್ಥಿರತೆ ಎಂದರೇನು? ಅದರ ಮೂರು ಆಧಾರಗಳನ್ನು ವಿವರಿಸಿ’ ಎಂಬ ಪ್ರಶ್ನೆ.

ಅಹಮದಾಬಾದ್‌ನಲ್ಲಿ ಸರಕು ಸಾಗಣೆ ಕ್ಷೇತ್ರದಲ್ಲಿರುವ ನಾನು ಬಿಡುವಿನ ದಿನಗಳಲ್ಲಿ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಹುಡುಗರು ಚುರುಕು. ಜನ, ಪರಿಸರ, ಲಾಭ ಎಂದು ಮೂರು ವೃತ್ತ ಬರೆದು ಪೂರ್ತಿ ಅಂಕ ಗಿಟ್ಟಿಸುತ್ತಾರೆ. ‘ಅರ್ಧ ತುಂಬಿದ ಟೆಂಪೊ ಒಂದು ಟ್ರಿಪ್‌ಗೆ ಎಷ್ಟು ಡೀಸೆಲ್ ಕುಡಿಯುತ್ತದೆ, ಪೂರ್ತಿ ತುಂಬಿದ್ದು ಎಷ್ಟು?’ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ದಡದಲ್ಲಿ ಕೂರಿಸಿ ಈಜು ಕಲಿಸಿದರೆ ಇನ್ನೇನಾದೀತು?

ಅದಕ್ಕೇ ನಾನು ಕೊಡುವ ಹೋಂವರ್ಕ್ ಸರಳ: ಒಂದು ಸೀರೆಯ ಬೆನ್ನು ಹತ್ತಿ. ಸೂರತ್‌ನಲ್ಲಿ ಪವರ್‌ಲೂಮ್‌ನಿಂದ ಹೊರಬಿದ್ದ ಕೋರಾ ಬಟ್ಟೆ ಬಣ್ಣದ ಮಿಲ್‌ಗೆ ಹೋಗುತ್ತದೆ. ಅಲ್ಲಿಂದ ರಿಂಗ್ ರೋಡ್ ಮಾರುಕಟ್ಟೆ, ಲೇಸು–ಕಲ್ಲಿನ ಕೆಲಸಕ್ಕೆ ಯಾರದೋ ಮನೆ, ಮತ್ತೆ ಮಾರುಕಟ್ಟೆ, ಪ್ಯಾಕಿಂಗ್, ಕೊನೆಗೆ ಟ್ರಾನ್ಸ್‌ಪೋರ್ಟ್ ಆಫೀಸು. ಒಂದೇ ಊರಿನೊಳಗೆ ಅದು ಎಷ್ಟು ಸಲ ಟೆಂಪೊ ಹತ್ತಿತು, ಟೆಂಪೊ ಎಷ್ಟು ಸಲ ಖಾಲಿ ವಾಪಸಾಯಿತು, ಡಬ್ಬ ಮತ್ತು ಪ್ಲಾಸ್ಟಿಕ್ ಕವರಿನ ತೂಕವೆಷ್ಟು ಎಂದು ಬರೆದು ತರಬೇಕು. ವಿದ್ಯಾರ್ಥಿಗಳ ಕಣ್ಣು ತೆರೆಸಿದ್ದು ಪಠ್ಯದಲ್ಲಿ ಅವರು ಓದಿರದ ಒಂದು ಸಂಗತಿ: ‘ಗೂಡ್ಸ್ ರಿಟರ್ನ್’. ಮಾರಾಟವಾಗದ ಮಾಲನ್ನು ದೂರದೂರಿನ ವ್ಯಾಪಾರಿಗಳು ಹಿಂದಿರುಗಿಸುವುದು ಸೂರತ್ ಮಾರುಕಟ್ಟೆಯ ಹಳೆಯ ತಲೆನೋವು. ಹೋಗುವಾಗಿನ ಹೊಗೆಗೆ ಲೆಕ್ಕ ಬರೆದಾಯಿತು. ಬರುವಾಗಿನ ಹೊಗೆ ಯಾರ ಖಾತೆಗೆ? ತರಗತಿಯಲ್ಲಿ ಇದರ ಮೇಲೆ ನಡೆದ ಜಗಳವೇ ನಿಜವಾದ ಪಾಠ.

ಅಳತೆ ಬಂದರೆ ನಡವಳಿಕೆ ಬದಲಾಗುತ್ತದೆ ಎಂಬುದಕ್ಕೂ ಸೂರತ್ ಸಾಕ್ಷಿ. ಗಾಳಿಯಲ್ಲಿನ ದೂಳಿನ ಕಣಗಳಿಗೆ ಸಂಬಂಧಿಸಿದ ಜಗತ್ತಿನ ಮೊದಲ ಪರವಾನಗಿ ಮಾರುಕಟ್ಟೆ 2019ರಲ್ಲಿ ಶುರುವಾಗಿದ್ದು ಇಲ್ಲೇ. ಕಾರ್ಖಾನೆಗಳ ಚಿಮಣಿಗೆ ಮೀಟರ್ ಕೂರಿಸಿದರು. ಮಿತಿಗಿಂತ ಕಡಿಮೆ ಕಣ ಉಗುಳಿದವರು ಉಳಿದ ಪರವಾನಗಿಯನ್ನು ಮಾರಬಹುದು, ಹೆಚ್ಚು ಉಗುಳಿದವರು ಕೊಳ್ಳಬೇಕು. 300ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಒಳಗೊಂಡ ಅಧ್ಯಯನದಲ್ಲಿ ಕಣಗಳ ಪ್ರಮಾಣ ಶೇ 20ರಿಂದ 30ರಷ್ಟು ತಗ್ಗಿದ್ದು ಕಂಡುಬಂತು. ಮೀಟರ್ ಇಲ್ಲದೆ ಭಾಷಣವೊಂದರಿಂದಲೇ ಇದು ಆಗುತ್ತಿರಲಿಲ್ಲ.

ಕಾರ್ಖಾನೆಗೆ ಹೋಗಲಾಗದ ದಿನ ತರಗತಿಯಲ್ಲೇ ಆಟ ಆಡಿಸಬಹುದು. ಅಮೆರಿಕದ ಎಂಐಟಿಯಲ್ಲಿ 1960ರ ದಶಕದಲ್ಲಿ ರೂಪುಗೊಂಡ ‘ಬಿಯರ್ ಗೇಮ್’ ಈ ವಿಷಯದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಅಂಗಡಿಯವನ ಚಿಕ್ಕ ಗಾಬರಿ ಕಾರ್ಖಾನೆ ಮುಟ್ಟುವಷ್ಟರಲ್ಲಿ ದೊಡ್ಡ ಅವಾಂತರವಾಗುವುದನ್ನು ಅದು ತೋರಿಸುತ್ತದೆ. ಗುಜರಾತ್‌ನಲ್ಲಿ ಪಾನನಿಷೇಧವಲ್ಲವೇ, ನಾವು ಅದನ್ನು ಮಜ್ಜಿಗೆ ಆಟ ಮಾಡಿಕೊಂಡಿದ್ದೇವೆ! ಮಜ್ಜಿಗೆಗೆ ಇನ್ನೊಂದು ಗುಣವಿದೆ, ಉಳಿದರೆ ಹುಳಿಯಾಗುತ್ತದೆ. ಹಾಗಾಗಿ ಲೆಕ್ಕದ ಹಾಳೆಯಲ್ಲಿ ‘ಚೆಲ್ಲಿದ್ದು’ ಎಂಬ ಹೊಸ ಕಾಲಂ ಸೇರಿತು. ಆಟ ಮುಗಿದ ಮೇಲೆ ಎಲ್ಲರ ಕಣ್ಣೂ ಆ ಕಾಲಂ ಮೇಲೆಯೇ.

ಆದರೆ ಹೊಗೆಯೊಂದನ್ನೇ ಅಳೆದರೆ ಸಾಲದು. ಅಹಮದಾಬಾದ್‌ನ ಬಟ್ಟೆ ಮಾರುಕಟ್ಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಮಾಲು ಕೈಗಾಡಿಯಲ್ಲಿ, ತಲೆಯ ಮೇಲೆ ಸಾಗುತ್ತದೆ. ಡೀಸೆಲ್ ಸೊನ್ನೆ. ಅದನ್ನು ‘ಹಸಿರು ಸಾಗಣೆ’ ಎನ್ನೋಣವೇ? ಇಳಾ ಭಟ್ 1972ರಲ್ಲಿ ‘ಸೇವಾ’ ಸಂಘಟನೆ ಕಟ್ಟಿದಾಗ ಮೊದಲು ಜೊತೆಯಾದವರಲ್ಲಿ ಇದೇ ಮಾರುಕಟ್ಟೆಯಲ್ಲಿ ಹೊರೆ ಹೊರುತ್ತಿದ್ದ, ಗಾಡಿ ಎಳೆಯುತ್ತಿದ್ದ ಹೆಂಗಸರಿದ್ದರು. ಅವರ ಕುತ್ತಿಗೆಯ ನೋವು, ದಿನದ ಕೂಲಿ ಯಾವ ಕಾರ್ಬನ್ ಲೆಕ್ಕದಲ್ಲೂ ಬರುವುದಿಲ್ಲ. ಇದು ವಿದ್ಯಾರ್ಥಿಗೆ ಅರ್ಥವಾಗುವುದು ಆ ಗಲ್ಲಿಯಲ್ಲಿ ಒಂದು ಬೆಳಗ್ಗೆ ನಿಂತಾಗಲೇ.

ಸಾರಿಗೆಗೆಂದೇ ಮೀಸಲಾದ ಗತಿಶಕ್ತಿ ವಿಶ್ವವಿದ್ಯಾಲಯ ವಡೋದರಾದಲ್ಲಿದೆ. ರೈಲ್ವೆ ಮತ್ತು ಸಾರಿಗೆ ಸಂಸ್ಥೆಯಾಗಿ 2018ರಲ್ಲಿ ಆರಂಭವಾದ ಅದು, 2022ರ ಕಾಯ್ದೆಯ ಮೂಲಕ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಇಂಥ ಕಡೆ ಓದುವವರಿಗೆ ಉದಾಹರಣೆಗಳು ಹತ್ತಿರದಲ್ಲೇ ಇವೆ. ಉತ್ತರ ಗುಜರಾತ್‌ನ ಪಾಲನ್‌ಪುರದಿಂದ ಹಾಲಿನ ಟ್ಯಾಂಕರ್‌ಗಳನ್ನೇ ಸರಕು ರೈಲಿಗೇರಿಸಿ ಹರಿಯಾಣದ ರೇವಾಡಿಗೆ ಒಯ್ಯುತ್ತಾರೆ. ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ, ಸುರತ್ಕಲ್‌ಗೆ ಬರುವ ಕೊಂಕಣ ರೈಲ್ವೆಯ ರೋ–ರೋ ಅದೇ ತಾನೇ? ರಸ್ತೆಯಲ್ಲಿ ಉಳಿದ ಡೀಸೆಲ್ ಎಷ್ಟು, ಹತ್ತಿಸಿ ಇಳಿಸಲು ಹೋದ ಸಮಯ ಎಷ್ಟು ಎಂದು ವಿದ್ಯಾರ್ಥಿಯೇ ಅಳೆದು ಬರಲಿ.

ಪಠ್ಯ ಮುಗಿಸಲು ಸಮಯವಿಲ್ಲ, ಗೇಟಿನೊಳಗೆ ಬಿಡುವುದಿಲ್ಲ, ‘ಇಂಡಸ್ಟ್ರಿಯಲ್ ವಿಸಿಟ್’ ಕೊನೆಗೆ ಪಿಕ್‌ನಿಕ್ ಆಗುತ್ತದೆ ಎಂದು ಅಧ್ಯಾಪಕ ಮಿತ್ರರು ಹೇಳುತ್ತಾರೆ. ಮೂರೂ ನಿಜ. ಆದರೆ ಪಿಕ್‌ನಿಕ್ ಆಗುವುದು ಕೈಯಲ್ಲಿ ಕೆಲಸವಿಲ್ಲದಾಗ. ಬಸ್ ತುಂಬ ಜನರನ್ನು ಕರೆದೊಯ್ಯುವ ಬದಲು ನಾಲ್ಕು ಜನರ ಗುಂಪಿಗೆ ಒಂದೇ ಪ್ರಶ್ನೆ ಕೊಡಿ. ಆ ವಿಷಯದ ಅರ್ಧ ಅಂಕವನ್ನು ಅವರೇ ಅಳೆದು ತಂದ ಅಂಕಿಗೆ ಮೀಸಲಿಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಇನ್ನೆರಡು ವರ್ಷಕ್ಕೆ ಇದೇ ಹುಡುಗರು ಯಾವುದೋ ಕಂಪನಿಯಲ್ಲಿ ಪರ್ಚೇಸ್ ಆರ್ಡರ್ ಬರೆಯುತ್ತಾರೆ. ‘ನಾಳೆಯೇ ಬೇಕು’ ಎಂಬ ಎರಡು ಪದ ಲಾರಿಯನ್ನು ಅರ್ಧ ಖಾಲಿ ಓಡಿಸುತ್ತದೆ, ಬಣ್ಣದ ಮಿಲ್‌ನಲ್ಲಿ ರಾತ್ರಿ ಪಾಳಿ ಹಚ್ಚುತ್ತದೆ. ಆ ಎರಡು ಪದದ ಬೆಲೆಯನ್ನು ಕಣ್ಣಾರೆ ಕಂಡವರು ‘ಗುರುವಾರ ಬಂದರೂ ಸಾಕು’ ಎಂದು ಬರೆದಾರು.

ಪುಣೆ, ಚೆನ್ನೈ, ವಾಪಿ, ಜಾಮ್‌ನಗರ ಎಂದು ಹೊರನಾಡಿನ ಕಾರ್ಖಾನೆ, ಗೋದಾಮುಗಳಲ್ಲಿ ಜವಾಬ್ದಾರಿಯ ಹುದ್ದೆಯಲ್ಲಿರುವ ಕನ್ನಡಿಗರು ಅನೇಕರಿದ್ದೀರಿ. ಹತ್ತಿರದ ಕಾಲೇಜಿಗೆ ಒಂದು ಫೋನ್ ಮಾಡಿ. ತಿಂಗಳಿಗೊಂದು ಶನಿವಾರ ನಾಲ್ಕು ವಿದ್ಯಾರ್ಥಿಗಳಿಗೆ ಗೇಟು ತೆರೆಸಿ, ತೂಕದ ಯಂತ್ರದ ಮುಂದೆ ನಿಲ್ಲಿಸಿ. ಉಳಿದದ್ದನ್ನು ಅವರೇ ಕೇಳುತ್ತಾರೆ.